ಸಂದಿ ಮುಚ್ಚಬೇಡಿ ಸಾರ್!

ಜಿಗಣಿಯ ಒಂದು ಔಷಧ ಕಾರ್ಖಾನೆ. ಸಾಲ್ವೆಂಟ್, ಅಂದರೆ ಬೇಗ ಹೊತ್ತಿಕೊಳ್ಳುವ ದ್ರಾವಕಗಳ ಡ್ರಮ್‌ಗಳನ್ನು ಇಡುವ ಶೆಡ್ಡಿನ ಹೊರಗೋಡೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಅಲ್ಲಿನ ಎಲೆಕ್ಟ್ರಿಷಿಯನ್ ಗೋಡೆಗೆ ಬಿಗಿದಿದ್ದ ದಪ್ಪ ಅಲ್ಯೂಮಿನಿಯಂ ಸ್ವಿಚ್ ಬಾಕ್ಸ್ ಒಂದನ್ನು ತೋರಿಸಿದರು. ಮುಚ್ಚಳದ ಸುತ್ತ ಬಿಳಿ ಸಿಲಿಕೋನ್ ನೀಟಾಗಿ ಎಳೆದಿದ್ದರು, ಕೇಕಿನ ಮೇಲೆ ಕ್ರೀಮ್ ಎಳೆದ ಹಾಗೆ.

"ನೋಡಿ ಸಾರ್, ಇನ್ನು ಒಂದು ಹನಿ ನೀರೂ ಒಳಗೆ ಹೋಗಲ್ಲ."

ನಾನು ತಪಾಸಣೆ ಹಾಳೆಯಲ್ಲಿ 'ಫೇಲ್' ಎಂದು ಬರೆದೆ. ಅವರ ಮುಖ ಸಪ್ಪಗಾಯಿತು.

ತಪ್ಪು ಪೂರ್ತಿ ಅವರದಲ್ಲ. ಆ ಪೆಟ್ಟಿಗೆಯ ಹೆಸರೇ ದಾರಿ ತಪ್ಪಿಸುವಂಥದ್ದು. ಪುಸ್ತಕದಲ್ಲಿ 'ಸ್ಫೋಟ ನಿರೋಧಕ', ಕಾರ್ಖಾನೆಯವರ ಬಾಯಲ್ಲಿ 'ಎಫ್‌ಎಲ್‌ಪಿ ಬಾಕ್ಸ್', ಅಂದರೆ ಫ್ಲೇಮ್‌ಪ್ರೂಫ್. ಹೆಸರು ಕೇಳಿದರೆ ಒಳಗೆ ಗ್ಯಾಸ್ ಹೋಗುವುದೇ ಇಲ್ಲ, ಸ್ಫೋಟ ಆಗುವುದೇ ಇಲ್ಲ ಅನಿಸುತ್ತದೆ ಅಲ್ವಾ? ನಿಜ ಉಲ್ಟಾ. ಒಳಗೆ ಗ್ಯಾಸ್ ಹೋಗೇ ಹೋಗುತ್ತದೆ, ಯಾವತ್ತಾದರೂ ಒಂದು ದಿನ ಒಳಗೇ ಢಂ ಎನ್ನಬಹುದು ಎಂದು ಮೊದಲೇ ಒಪ್ಪಿಕೊಂಡು ಮಾಡಿದ ಪೆಟ್ಟಿಗೆ ಅದು.

ಯಾಕೆ ಹೋಗುತ್ತದೆ? ಪೆಟ್ಟಿಗೆ ಉಸಿರಾಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಚೂರು ಹೊರಗೆ ಬರುತ್ತದೆ. ರಾತ್ರಿ ತಣ್ಣಗಾದಾಗ ಅಷ್ಟೇ ಗಾಳಿಯನ್ನು ವಾಪಸ್ ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಈಥರ್ ಎಂಬ ಸಾಲ್ವೆಂಟಿನ ಡ್ರಮ್ ಸೋರುತ್ತಿದ್ದರೆ ಎಳೆದುಕೊಳ್ಳುವುದು ಅದರ ಆವಿಯನ್ನೂ. ಗಾಳಿಯಲ್ಲಿ ಶೇ. 2ರಷ್ಟು ಈಥರ್ ಇದ್ದರೆ ಸಾಕು, ಹೊತ್ತಿಕೊಳ್ಳುತ್ತದೆ. ಇನ್ನು ಕಿಡಿ? ಸ್ವಿಚ್ ಹಾಕಿ ತೆಗೆದಾಗಲೆಲ್ಲ ಒಳಗೆ ಕಿಡಿ ಹಾರುತ್ತದೆ. ನಮ್ಮ ಮನೆಯ ಸ್ವಿಚ್ಚಿನಲ್ಲೂ ಹಾಗೇ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ ಎನ್ನುವುದು ಇದಕ್ಕೇ.

ಒಳಗೆ ಹೊತ್ತಿಕೊಂಡಾಗ ಒತ್ತಡ ಕಣ್ಣುಮುಚ್ಚಿ ತೆಗೆಯುವುದರೊಳಗೆ ಸುಮಾರು 8 ಪಟ್ಟು ಏರುತ್ತದೆ. ಒಂದು ಲೆಕ್ಕ ಹಾಕಿ ನೋಡಿ. 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲದ ಮುಚ್ಚಳವನ್ನು ಅಷ್ಟು ಒತ್ತಡ ಹೊರಗೆ ತಳ್ಳುವ ಬಲ ಸುಮಾರು ಎರಡೂಮುಕ್ಕಾಲು ಟನ್ ತೂಕಕ್ಕೆ ಸಮ. ಎಂಟು ಬೋಲ್ಟ್ ಇದ್ದರೆ ಒಂದೊಂದರ ಪಾಲಿಗೆ ಸುಮಾರು 350 ಕೆಜಿ. ಆದ್ದರಿಂದಲೇ ಪೆಟ್ಟಿಗೆ ಅಷ್ಟು ದಪ್ಪ, ಅಷ್ಟು ಭಾರ. "ಒಂದೇ ಒಂದು ಬೋಲ್ಟ್ ಇಲ್ಲ ಸಾರ್, ಉಳಿದ ಏಳು ಟೈಟ್ ಇದೆಯಲ್ಲ" ಎಂಬ ಮಾತಿಗೆ ನಾನು ತಲೆ ಆಡಿಸದೆ ಇರುವುದೂ ಅದಕ್ಕೇ.

ಪೆಟ್ಟಿಗೆ ಒಡೆಯದಿದ್ದರೆ ಅರ್ಧ ಕೆಲಸ ಆಯಿತು. ಇನ್ನರ್ಧವೇ ನನಗೆ ಇಷ್ಟವಾದ ಭಾಗ. ಒಳಗಿನ ಬಿಸಿ ಗ್ಯಾಸ್ ಎಲ್ಲಾದರೂ ಹೊರಗೆ ಬರಬೇಕು. ಅದು ಬರುವ ದಾರಿ ಮುಚ್ಚಳ ಮತ್ತು ಪೆಟ್ಟಿಗೆಯ ನಡುವಿನ ಸಂದಿ. ಎರಡೂ ಕಡೆ ನುಣ್ಣಗೆ ಮೆಷಿನ್ ಮಾಡಿದ ಅಗಲವಾದ ಅಂಚು, ನಡುವೆ ಕೂದಲೆಳೆಯಷ್ಟು ಜಾಗ. ಬೆಂಕಿ ಆ ಕಿರಿದಾದ ದಾರಿಯಲ್ಲಿ ನುಗ್ಗುವಾಗ ಎರಡೂ ಕಡೆಯ ಲೋಹ ಅದರ ಶಾಖವನ್ನು ಕಿತ್ತುಕೊಳ್ಳುತ್ತದೆ. ಹೊರಗೆ ಬರುವ ಹೊತ್ತಿಗೆ ಅದು ಬೆಂಕಿಯಲ್ಲ, ಬರೀ ಬಿಸಿ ಗಾಳಿ. ಹೊರಗಿನ ತಣ್ಣನೆ ಗಾಳಿ ಜತೆ ಬೆರೆತು ಇನ್ನಷ್ಟು ತಣಿಯುತ್ತದೆ. ಸುತ್ತ ತುಂಬಿರುವ ಆವಿಗೆ ಬೆಂಕಿ ತಗಲುವುದಿಲ್ಲ.

ಹೈಸ್ಕೂಲ್ ಲ್ಯಾಬಿನಲ್ಲಿ ಬರ್ನರ್ ಮೇಲೆ ತಂತಿ ಜಾಲರಿ ಇಟ್ಟರೆ ಜ್ವಾಲೆ ಅದರ ಕೆಳಗೇ ನಿಲ್ಲುತ್ತಿದ್ದುದು ನೆನಪಿದೆಯಾ? ಅದೇ ವಿದ್ಯೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರ ದೀಪಕ್ಕೆ ಜಾಲರಿ ಸುತ್ತಿದ್ದು ಇದನ್ನೇ ನಂಬಿ. ಗಣಿಗೆ ಕರೆಂಟ್ ಬಂದ ಮೇಲೆ, 20ನೇ ಶತಮಾನದ ಆರಂಭದಲ್ಲಿ, ಜರ್ಮನಿಯ ಕಾರ್ಲ್ ಬೈಲಿಂಗ್ ಇದನ್ನು ಮೋಟಾರು, ಸ್ವಿಚ್ಚುಗಳ ಪೆಟ್ಟಿಗೆಗೆ ತಂದರು. ಬೆಂಗಳೂರಿನ ಯಾವುದೇ ಪೆಟ್ರೋಲ್ ಬಂಕಿನಲ್ಲಿ ಮೂಲೆಯಲ್ಲಿ ನಿಂತಿರುವ ಎತ್ತರದ ಪೈಪುಗಳ ತುದಿ ನೋಡಿ. ನೆಲದಡಿಯ ಟ್ಯಾಂಕು ಉಸಿರಾಡುವ ಪೈಪು ಅವು. ಅಲ್ಲೂ ಜಾಲರಿ ಇರುತ್ತದೆ.

ಸಂದಿ ಎಷ್ಟು ಕಿರಿದಾಗಿರಬೇಕು ಎನ್ನುವುದು ಗ್ಯಾಸಿನ ಮೇಲೆ ನಿಂತಿದೆ. ಪ್ರಯೋಗಶಾಲೆಯಲ್ಲಿ ಮೀಥೇನ್ ಬೆಂಕಿ 1.14 ಮಿ.ಮೀ. ಸಂದಿಯನ್ನೂ ದಾಟಲಾರದು. ಎಥಿಲೀನ್‌ಗೆ ಈ ಮಿತಿ 0.65 ಮಿ.ಮೀ. ಹೈಡ್ರೋಜನ್‌ಗೆ ಬರೀ 0.29, ಅಂದರೆ ಜೆರಾಕ್ಸ್ ಹಾಳೆ ಮೂರು ಒಟ್ಟಿಗೆ ಇಟ್ಟಷ್ಟು. ತಯಾರಕರು ಇನ್ನೂ ಕಡಿಮೆ ಸಂದಿ ಬಿಟ್ಟು ಮಾಡುತ್ತಾರೆ. ಗ್ಯಾಸುಗಳನ್ನು ವಿಂಗಡಿಸುವ ಐಐಎ, ಐಐಬಿ, ಐಐಸಿ ಎಂಬ ಗುಂಪುಗಳು ಹುಟ್ಟಿದ್ದು ಈ ಲೆಕ್ಕದಿಂದ. ಹೈಡ್ರೋಜನ್ ಎಂದರೆ ದೂರದ್ದಲ್ಲ. ಐಟಿ ಕಟ್ಟಡಗಳ ಯುಪಿಎಸ್ ಕೋಣೆಯಲ್ಲಿ ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೊರಬರುವುದೂ ಅದೇ.

ಹೀಗಾಗಿ ನಮ್ಮ ತಪಾಸಣೆ ಒಂಥರಾ ವಿಚಿತ್ರ ಕೆಲಸ. ಜಾಸ್ತಿ ಹೊತ್ತು ನೋಡುವುದು ಖಾಲಿ ಜಾಗವನ್ನು. ಫೀಲರ್ ಗೇಜ್ ಎಂಬ ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಹಿಡಿದು, ಯಾವ ಪಟ್ಟಿ ಸಂದಿಯೊಳಗೆ ನುಸುಳುತ್ತದೆ, ಯಾವುದು ನುಸುಳುವುದಿಲ್ಲ ಎಂದು ಸುತ್ತಲೂ ನೋಡುತ್ತಾ ಹೋಗುವುದು.

ಅದಕ್ಕೂ ಮೊದಲು ನೇಮ್ ಪ್ಲೇಟ್ ಓದಬೇಕು. ಇಲ್ಲೊಂದು ನಮ್ಮೂರಿನದೇ ಸಮಸ್ಯೆ. ಆಯುಧಪೂಜೆಗೆ ಮೆಷಿನ್‌ಗಳಿಗೆಲ್ಲ ಹೊಸ ಪೇಂಟ್ ಬಳಿಯುತ್ತಾರೆ. ಬಳಿಯುವವರು ಪ್ಲೇಟನ್ನೂ ಬಿಡುವುದಿಲ್ಲ. ಅದರ ಮೇಲೆ ವಿಭೂತಿ, ಕುಂಕುಮ. ನಾನು ಸುಮ್ನೆ ಕೈಮುಗಿದು ಪೇಂಟ್ ಕೆರೆಯುತ್ತೇನೆ. 'ಟಿ4' ಎಂಬ ಎರಡು ಅಕ್ಷರ ಕಾಣದಿದ್ದರೆ ಆ ಪೆಟ್ಟಿಗೆಯ ಹೊರಮೈ 135 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ ಎಂದು ನಂಬುವುದು ಹೇಗೆ? ಈಥರ್ ಆವಿ ಸುಮಾರು 160 ಡಿಗ್ರಿಗೆ ಕಿಡಿಯೇ ಬೇಡದೆ ತಾನಾಗಿ ಹೊತ್ತಿಕೊಳ್ಳುವ ಪದಾರ್ಥ. ಒಮ್ಮೆ ಒಂದು ಶೆಡ್ಡಿನಲ್ಲಿ ಪೂಜೆಯ ಸೀರಿಯಲ್ ಸೆಟ್ ದೀಪಗಳು ಡ್ರಮ್‌ಗಳ ಮೇಲೇ ಮಿಣುಕುತ್ತಿದ್ದವು. ಪಕ್ಕದಲ್ಲೇ ಸಾವಿರಾರು ರೂಪಾಯಿಯ ಎಫ್‌ಎಲ್‌ಪಿ ಲೈಟು!

ಕೇಬಲ್ ಒಳಗೆ ಹೋಗುವ ಗ್ಲ್ಯಾಂಡ್ ಇನ್ನೊಂದು ತಲೆನೋವು. ಬೇಡದ ತೂತಿಗೆ ಪ್ರಮಾಣಿತ ಪ್ಲಗ್ ಹಾಕಬೇಕು. ಸಿಕ್ಕುವುದು ಬನಿಯನ್ ವೇಸ್ಟ್ ತುರುಕಿದ್ದು. ಸಂದಿ ಬೇರೆ, ತೂತು ಬೇರೆ. ಸಂದಿ ಬೆಂಕಿಯನ್ನು ತಣಿಸುತ್ತದೆ, ತೂತು ಅದನ್ನು ಹಾಗೇ ಹೊರಗೆ ಬಿಡುತ್ತದೆ.

ತಪಾಸಣೆಯಲ್ಲಿ ಮೂರು ಮಟ್ಟ: ಬರೀ ಕಣ್ಣಲ್ಲಿ, ಏಣಿ-ಉಪಕರಣ ಹಿಡಿದು ಹತ್ತಿರದಿಂದ, ಕರೆಂಟ್ ತೆಗೆದು ಮುಚ್ಚಳ ಬಿಚ್ಚಿ. ಪರಿಣತರ ಸಲಹೆ ಇಲ್ಲದೆ ಎರಡು ತಪಾಸಣೆಗಳ ನಡುವೆ 3 ವರ್ಷಕ್ಕಿಂತ ಜಾಸ್ತಿ ಬಿಡಬಾರದು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. ಜಿಗಣಿಯಲ್ಲಿ ಆವತ್ತು ಮೂರನೆಯದೇ ಬೇಕಾಯಿತು.

ಪರ್ಮಿಟ್ ಬರೆಸಿ, ಕರೆಂಟ್ ತೆಗೆಸಿ, ಗ್ಯಾಸ್ ಮೀಟರಿನಲ್ಲಿ ನೋಡಿ ಮುಚ್ಚಳ ಬಿಚ್ಚಿದೆವು. ಗಟ್ಟಿಯಾದ ಸಿಲಿಕೋನ್ ಚೂರೊಂದು ಅಂಚಿನ ಮೇಲೆ ಕೂತು ಮುಚ್ಚಳವನ್ನು ಒಂದು ಮೂಲೆಯಲ್ಲಿ ಎತ್ತಿ ಹಿಡಿದಿತ್ತು. ಸಂದಿ ಕಿರಿದಾಗಿರಬೇಕಾದ ಕಡೆಯೇ ಅಗಲವಾಗಿತ್ತು. ಎಲೆಕ್ಟ್ರಿಷಿಯನ್ ಅದನ್ನು ನೋಡಿ ಏನೂ ಮಾತಾಡದೆ ಜೇಬಿನಿಂದ ಬ್ಲೇಡ್ ತೆಗೆದರು. ಬೇಡ ಎಂದೆ. ಒಂದು ಗೀರು ಬಿದ್ದರೂ ಅದು ಬೆಂಕಿಗೆ ಹೊಸ ದಾರಿ. ಪರ್ಸಿನಲ್ಲಿದ್ದ ಹಳೆಯ ಎಟಿಎಂ ಕಾರ್ಡ್ ತೆಗೆದು ಅದರಲ್ಲೇ ನಿಧಾನಕ್ಕೆ ಕೆರೆದರು.

"ಹಂಗಾದ್ರೆ ಮಳೆಗೆ ಏನ್ ಮಾಡೋದು ಸಾರ್?"

ಅಂಚಿಗೆ ಗಟ್ಟಿಯಾಗದ ಗ್ರೀಸ್ ತೆಳ್ಳಗೆ ಸವರಿ, ಮೇಲೊಂದು ತಗಡಿನ ಮಾಡು ಮಾಡಿಸಿ ಎಂದೆ. ಮುಂದಿನ ವಾರ ಹೋದಾಗ ತಗಡು ಬಂದಿತ್ತು, ಸಂದಿಗೆ ಅಂಟಿಕೊಂಡ ಹಾಗೆ. ಹೊರಬರುವ ಬಿಸಿ ಗ್ಯಾಸ್ ತಣಿಯಲು ಎದುರಿಗೆ ಜಾಗ ಬೇಕು. ಈಥರ್ ಸೇರುವ ಐಐಬಿ ಗುಂಪಿಗೆ ಕನಿಷ್ಠ 30 ಮಿ.ಮೀ. ಟೇಪ್ ಹಿಡಿದೆ. 12 ಇತ್ತು. ಅವರು ನಕ್ಕು, ಸ್ಪ್ಯಾನರ್ ತರಲು ಹೋದರು.