ಅರಿಶಿನ, ಸುಣ್ಣ ಮತ್ತು ಗಾಳಿಗಿರಣಿಯ ನಶ್ಯ

ರಾಟರ್ಡ್ಯಾಮ್ ಊರಿನಲ್ಲಿ ಕ್ರಾಲಿಂಗ್ಸೆ ಪ್ಲಾಸ್ ಅಂತ ಒಂದು ದೊಡ್ಡ ಕೆರೆ ಇದೆ. ಹಿಂದಿನವರು ಉರುವಲಿಗಾಗಿ ಜವುಗು ಮಣ್ಣನ್ನು ಅಗೆದು ಅಗೆದು ಆದ ಹಳ್ಳ ಅದು, ಆಮೇಲೆ ನೀರು ತುಂಬಿಕೊಂಡಿತು. ಅದರ ದಡದಲ್ಲಿ ಎರಡು ಗಾಳಿಗಿರಣಿಗಳು ಅಕ್ಕಪಕ್ಕ ನಿಂತಿವೆ. ಒಂದು ಡಿ ಸ್ಟೆರ್, ಅಂದರೆ ನಕ್ಷತ್ರ. ಇನ್ನೊಂದು ಡಿ ಲೇಲಿ, ಅಂದರೆ ಲಿಲ್ಲಿ ಹೂವು. ನಕ್ಷತ್ರ 1962ರಲ್ಲಿ ಸುಟ್ಟುಹೋಗಿತ್ತು, ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಹಾಲೆಂಡಿನ ಗಾಳಿಗಿರಣಿ ಅಂದರೆ ಹಿಟ್ಟು ಬೀಸೋದು, ಇಲ್ಲಾ ನೀರೆತ್ತೋದು ಅಂತಲೇ ನಾನು ಅಂದುಕೊಂಡಿದ್ದೆ. ಇವೆರಡೂ ಹೆಸರು ಮಾಡಿದ್ದು ನಶ್ಯ ಮತ್ತು ಮಸಾಲೆಯಿಂದ.

ಅಲ್ಲೇ ನೆಲೆಸಿರುವ ತಂಗಿ ನನ್ನನ್ನು ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟ ಕೂಡಲೇ ಅಜ್ಜನ ಮೇಲ್ವಸ್ತ್ರದ ವಾಸನೆ! ಏಳು ಸಾವಿರ ಕಿಲೋಮೀಟರು ದೂರ ಬಂದು ಅಜ್ಜನ ನಶ್ಯದ ಡಬ್ಬಿ ತೆರೆದ ಹಾಗಾಯಿತು.

ಯಂತ್ರ ನೋಡಿದರೆ ನಮ್ಮ ಒರಳು ಒನಕೆಯೇ. ರೆಕ್ಕೆ ತಿರುಗಿದರೆ ಮರದ ಹಲ್ಲುಚಕ್ರಗಳು ತಿರುಗುತ್ತವೆ. ಅವು ಚಾಕು ಕಟ್ಟಿದ ಕಂಬಗಳನ್ನು ಮೇಲೆತ್ತಿ ಬಿಡುತ್ತವೆ. ಕೆಳಗೆ ತಂಬಾಕು ತುಂಬಿದ ಮರದ ತೊಟ್ಟಿ ನಿಧಾನವಾಗಿ ಸುತ್ತುತ್ತಿರುತ್ತದೆ. ಭತ್ತ ಕುಟ್ಟುವಾಗ ಒಬ್ಬರು ಒನಕೆ ಹಾಕಿದರೆ ಇನ್ನೊಬ್ಬರು ಕೈಯಲ್ಲಿ ಕಾಳು ನೂಕುತ್ತಾರಲ್ಲ, ಆ ಎರಡನೆಯವರ ಕೆಲಸ ಈ ತೊಟ್ಟಿಯದು. ಆಮೇಲೆ ಅರೆದು ಜರಡಿ ಹಿಡಿಯುತ್ತಾರೆ. ತೀರಾ ನುಣ್ಣಗಾದರೆ ಪುಡಿ ಮೂಗು ದಾಟಿ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಗಾಳಿಯ ಲೆಕ್ಕವೂ ಸೊಗಸು: ಅದರ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಅದಕ್ಕೇ ಗಿರಣಿಯವರು ರೆಕ್ಕೆಯ ಬಟ್ಟೆಯನ್ನು ಹಾಯಿಯ ಹಾಗೆ ಬಿಚ್ಚುತ್ತಾ ಸುತ್ತುತ್ತಾ ಇರುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರೆಕ್ಕೆ ಅಲ್ಲ, ಕ್ಯಾರೆಟ್ ಗೆಡ್ಡೆಯ ಆಕಾರದ ಕಪ್ಪು ಉರುಳೆಗಳು. ಅವರು ಕರೆಯೋದೂ ಕ್ಯಾರೆಟ್ ಅಂತಲೇ. ತಂಬಾಕಿನ ಎಲೆಗೆ ರಸ ಕುಡಿಸಿ, ಸುತ್ತಿ, ಹಗ್ಗದಿಂದ ಬಿಗಿದು ಇಡುತ್ತಾರೆ. ತಿಂಗಳುಗಟ್ಟಲೆ ಅದು ಒಳಗೊಳಗೇ ಹುಳಿಯುತ್ತದೆ. ಹುಳಿಯುವುದು ಅಂದೆ, ಆದರೆ ಇಲ್ಲಿ ಆಗೋದು ತಿರುಗುಮುರುಗು. ದೋಸೆ ಹಿಟ್ಟು ಹುಳಿ ಬಂದರೆ ಆಮ್ಲ ಜಾಸ್ತಿ ಆಗುತ್ತದೆ. ತಂಬಾಕು ಹುಳಿತರೆ ಅಮೋನಿಯಾ ಬಿಟ್ಟುಕೊಂಡು ಕ್ಷಾರದ ಕಡೆಗೆ ವಾಲುತ್ತದೆ. ನಶ್ಯದ ಗುಟ್ಟೆಲ್ಲ ಇರುವುದು ಇಲ್ಲೇ.

ಎಲೆಯೊಳಗೆ ನಿಕೋಟಿನ್ ಸುಮ್ನೆ ಒಂಟಿಯಾಗಿ ಇರುವುದಿಲ್ಲ. ಹೆಚ್ಚುಕಡಿಮೆ ಪ್ರತಿ ಅಣುವೂ ಒಂದು ಪ್ರೋಟಾನನ್ನು, ಅಂದರೆ ಆಮ್ಲ ಕೊಡುವ ಪುಟ್ಟ ಧನ ಕಣವನ್ನು, ಹೆಗಲ ಮೇಲೆ ಹೊತ್ತಿರುತ್ತದೆ. ಆ ಹೊರೆಗೆ ವಿದ್ಯುದಂಶ ಇದೆ. ಮೂಗಿನ ಒಳಪೊರೆಯ ಜೀವಕೋಶಗಳ ಗೋಡೆಯೋ ಕೊಬ್ಬಿನದು. ಕಾವಲಿಯ ಎಣ್ಣೆಯ ಮೇಲೆ ನೀರು ಸಿಡಿದು ದೂರ ಸರಿಯುವಂತೆ, ಹೊರೆ ಹೊತ್ತ ನಿಕೋಟಿನ್ ಆ ಗೋಡೆಯ ಮುಂದೆ ನಿಂತುಬಿಡುತ್ತದೆ. ತುಂಬಿದ ಬಸ್ಸಿಗೆ ಮೂಟೆ ಹೊತ್ತವನು ಹತ್ತಲಾಗದೆ ಬಾಗಿಲಲ್ಲೇ ಉಳಿಯುತ್ತಾನಲ್ಲ, ಹಾಗೆ. ಕ್ಷಾರ ಬಂದು ಮೂಟೆ ಇಳಿಸಿಕೊಂಡರೆ ಸಲೀಸಾಗಿ ಒಳಗೆ. ಆಮ್ಲ ಎಷ್ಟು, ಕ್ಷಾರ ಎಷ್ಟು ಅಂತ ಅಳೆಯುವ ಅಂಕಿ ಪಿಎಚ್; ಅದು ಏರಿದಷ್ಟೂ ಕ್ಷಾರ ಜಾಸ್ತಿ. ಪಿಎಚ್ 6 ಇದ್ದಾಗ ನೂರರಲ್ಲಿ ಸುಮಾರು ಒಂದು ನಿಕೋಟಿನ್ ಅಣು ಮಾತ್ರ ಬರಿಗೈಯಲ್ಲಿರುತ್ತದೆ. 8ಕ್ಕೆ ಬಂದರೆ ಅರ್ಧದಷ್ಟು. 9ಕ್ಕೆ ಸುಮಾರು ತೊಂಬತ್ತು! ತಂಬಾಕು ಅದೇ, ಏಟು ಬೇರೆ.

ಈ ಮೂಟೆ ಇಳಿಸುವ ಕೆಲಸವನ್ನು ನೀವು ಕಣ್ಣಾರೆ ನೋಡಿದ್ದೀರಿ. ಆರತಿಗೆ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ, ಅಲ್ವಾ? ಸುಣ್ಣ ಅಲ್ಲಿ ಅರಿಶಿನದ ಬಣ್ಣದ ಅಣುವಿನಿಂದ ಪ್ರೋಟಾನ್ ಕಿತ್ತುಕೊಳ್ಳುತ್ತದೆ. ದೃಷ್ಟಿ ಹೋಗುತ್ತದೋ ಇಲ್ಲವೋ, ಪ್ರೋಟಾನ್ ಅಂತೂ ಹೋಗುತ್ತದೆ. ನಮ್ಮ ಅಜ್ಜಿ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವಾಗ ಸುಣ್ಣ ಮರೆತರೆ "ಸಪ್ಪೆ" ಅನ್ನುತ್ತಿದ್ದರು. ಅಜ್ಜಿಯ ಬಾಯಲ್ಲಿ ಸುಣ್ಣ ಆ ಕ್ಷಣಕ್ಕೆ ಮಾಡುತ್ತಿದ್ದ ಕೆಲಸವನ್ನು ರಾಟರ್ಡ್ಯಾಮಿನ ಕ್ಯಾರೆಟ್ ತಿಂಗಳುಗಟ್ಟಲೆ ಕೂತು ಮಾಡುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. "ನಶ್ಯ ಆಯುರ್ವೇದದಲ್ಲೇ ಇದೆ" ಅಂತ ವಾದಿಸುವವರು ಈಗಲೂ ಸಿಗುತ್ತಾರೆ. ಆಯುರ್ವೇದದ ನಸ್ಯ ಅಂದರೆ ಮೂಗಿಗೆ ಔಷಧದ ಎಣ್ಣೆ, ಪುಡಿ ಹಾಕುವ ಚಿಕಿತ್ಸೆ. ಹೆಸರು ಒಂದೇ ಥರ ಇದೆ, ಅಷ್ಟೇ. ತಂಬಾಕು ಅಮೆರಿಕದ ಗಿಡ. ಅದು ಸಮುದ್ರ ದಾಟುವ ಮೊದಲು ಬರೆದ ನಮ್ಮ ಯಾವ ಗ್ರಂಥದಲ್ಲೂ ಇರಲು ಸಾಧ್ಯವೇ ಇಲ್ಲ. ಮೊಘಲರ ಅಧಿಕಾರಿ ಅಸದ್ ಬೇಗ್ 1604ರ ಸುಮಾರಿಗೆ ನಮ್ಮ ಬಿಜಾಪುರದಲ್ಲಿ ತಂಬಾಕು ಕಂಡು, ಇಂಥದ್ದನ್ನು ಹಿಂದೆ ನೋಡಿರಲಿಲ್ಲ ಅಂತ ಬರೆದಿಟ್ಟ. ಅದನ್ನು ಅಕ್ಬರನ ಆಸ್ಥಾನಕ್ಕೂ ಒಯ್ದ. ಬಾದಶಹ ಒಂದೆರಡು ದಮ್ಮು ಎಳೆದ. ವೈದ್ಯರು ಬೇಡ ಅಂದರು. ಯುರೋಪಿನವರೂ ಇಂಥ ಭ್ರಮೆಗೆ ಹೊರತಲ್ಲ. ಫ್ರಾನ್ಸಿನ ರಾಯಭಾರಿ ಜೀನ್ ನಿಕೋ 1560ರ ಹೊತ್ತಿಗೆ ಪೋರ್ಚುಗಲ್‌ನಿಂದ ತಂಬಾಕನ್ನು ತನ್ನ ದೇಶದ ಆಸ್ಥಾನಕ್ಕೆ ಔಷಧ ಅಂತಲೇ ಕಳಿಸಿದ್ದ. ತಲೆನೋವಿಗೆ ಅದರ ಪುಡಿ ಸೇದುವ ಶೋಕಿ ಬೆಳೆಯಿತು. ನಿಕೋಟಿನ್ ಅನ್ನುವ ಹೆಸರು ಬಂದದ್ದು ಆತನಿಂದ.

ಹಾಗಾದರೆ ನಶ್ಯ ಹಾಕಿದ ಮೇಲೆ ತಲೆ ಹಗುರ ಆಗುತ್ತದಲ್ಲ? ಆಗುತ್ತದೆ. ಪುಡಿ ಕೆರಳಿಸಿದ್ದಕ್ಕೆ ಮೂಗು ಸುರಿಯುತ್ತದೆ, ಕಟ್ಟಿದ್ದು ಬಿಟ್ಟಂತೆ ಅನಿಸುತ್ತದೆ. ಶೀತದ ವೈರಸ್‌ಗೆ ಏನೂ ಆಗಿರುವುದಿಲ್ಲ. ಚುರುಕು ಬಂತು ಅನ್ನುವುದು ಬಹುಪಾಲು, ಹಿಂದಿನ ಚಿಟಿಕೆಯ ನಿಕೋಟಿನ್ ಇಳಿದು ಶುರುವಾಗಿದ್ದ ಚಡಪಡಿಕೆ ನಿಂತದ್ದು. ಅಜ್ಜ ಪಾಪ, ತನ್ನ ಸಾಲವನ್ನೇ ತೀರಿಸಿ ಲಾಭ ಬಂತು ಅಂತ ನಂಬಿದ್ದ.

"ಹೊಗೆ ಇಲ್ಲವಲ್ಲ, ಏನೂ ಆಗಲ್ಲ" ಅನ್ನುವ ನಂಬಿಕೆ ನನಗೆ ಇನ್ನೂ ಜಾಸ್ತಿ ಕಳವಳ ತರುತ್ತದೆ. ಎಲೆಯಲ್ಲಿ ನೈಟ್ರೇಟ್ ಇರುತ್ತದೆ. ಹುಳಿಸುವಾಗ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದು ನಿಕೋಟಿನ್ ಮತ್ತು ಅದರ ದಾಯಾದಿಗಳ ಜೊತೆ ಸೇರಿ ನೈಟ್ರೋಸಮೈನ್ ಆಗುತ್ತದೆ. ಇವುಗಳಲ್ಲಿ ಕೆಲವು ಕ್ಯಾನ್ಸರ್ ತರುತ್ತವೆ. ನಶ್ಯಕ್ಕೆ ಖಾರ ಕೊಡುವ ಹುಳಿತದಲ್ಲೇ ವಿಷವೂ ಹುಟ್ಟುತ್ತದೆ. ಬೆಂಕಿಯೇ ಬೇಕಿಲ್ಲ. ಹೊಗೆಯಿಲ್ಲದ ತಂಬಾಕನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲನೇ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತ ಅನ್ನುವ ಪಟ್ಟಿಗೆ ಸೇರಿಸಿದೆ. ಲಂಡನ್ನಿನ ವೈದ್ಯ ಜಾನ್ ಹಿಲ್ 1761ರಲ್ಲೇ ನಶ್ಯ ಹಾಕುವವರ ಮೂಗಿನ ಗಡ್ಡೆಗಳ ಬಗ್ಗೆ ಎಚ್ಚರಿಸಿದ್ದ.

ಇನ್ನು ಕೆಂಪಾದ ಆರತಿ ನೀರಿಗೆ ನಿಂಬೆರಸ ಹಿಂಡಿ ನೋಡಿ, ಮತ್ತೆ ಹಳದಿ ಆಗುತ್ತದೆ. ನಿಂಬೆ ಪ್ರೋಟಾನನ್ನು ವಾಪಸ್ಸು ಹೊರಿಸುತ್ತದೆ. ತಂಬಾಕು ಬಿಡಲು ಹೊರಟವರಿಗೆ ವೈದ್ಯರು ನಿಕೋಟಿನ್ ಚೂಯಿಂಗ್ ಗಮ್ ಕೊಡುತ್ತಾರಲ್ಲ, ಅದರಲ್ಲೂ ಒಂಚೂರು ಕ್ಷಾರ ಸೇರಿಸಿರುತ್ತಾರೆ. ಅದನ್ನು ಅಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ಹಣ್ಣಿನ ರಸ ಕುಡಿಯಬೇಡಿ ಅನ್ನುತ್ತಾರೆ. ಕುಡಿದರೆ ಬಾಯಿ ಹುಳಿಯಾಗಿ, ನಿಕೋಟಿನ್ ಹೊರೆ ಹೊತ್ತುಕೊಂಡು ಬಾಗಿಲಲ್ಲೇ ನಿಲ್ಲುತ್ತದೆ. ಔಷಧ ಕೆಲಸ ಮಾಡುತ್ತಿಲ್ಲ ಅಂತ ಅದನ್ನು ಬಿಟ್ಟು ಮತ್ತೆ ಡಬ್ಬಿಗೆ ಕೈ ಹಾಕುವ ಮೊದಲು, ಜೊತೆಗೆ ಕಾಫಿ ಕುಡಿದಿರಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.