ಕಪ್ಪೆಯ ಭ್ರೂಣದಲ್ಲಿ ತಲೆಯ ಜಾಗ ಗೊತ್ತುಮಾಡುವವರು ಯಾರು?

ಪ್ರಶ್ನೆ: ದೇಹದ ಎಲ್ಲ ಜೀವಕೋಶಗಳಲ್ಲೂ ಇರುವುದು ಅವೇ ಜೀನ್‌ಗಳು ಎನ್ನುತ್ತಾರೆ. ಹಾಗಿದ್ದರೆ ಕಪ್ಪೆಯ ಭ್ರೂಣದಲ್ಲಿ ತಲೆ, ಮಿದುಳು ಒಂದೇ ತುದಿಯಲ್ಲಿ ಮೂಡುವುದು ಹೇಗೆ? ‘ತಲೆಯ ಜೀನ್’ ಎಂಬುದೊಂದು ಇದೆಯೇ?

ಉತ್ತರ: ತಲೆಯನ್ನು ಕಟ್ಟಿ ನಿಲ್ಲಿಸುವ ಒಂಟಿ ಜೀನ್ ಯಾವುದೂ ಇಲ್ಲ. ತಲೆಗೆ ಜಾಗ ಮಾಡಿಕೊಡುವ ಜೀನ್‌ಗಳ ಮುಖ್ಯ ಕೆಲಸ ತಡೆಯುವುದು. ‘ಚರ್ಮವಾಗು’, ‘ಬಾಲವಾಗು’ ಎಂದು ಸುತ್ತಲಿಂದ ಬರುವ ಆದೇಶಗಳು ಆ ಜಾಗವನ್ನು ಮುಟ್ಟದಂತೆ ಅವು ಕಾವಲು ಕಾಯುತ್ತವೆ. ಹೇಳಲು ಇಷ್ಟೇ, ತಿಳಿಯಲು ಮಾತ್ರ ಮುಕ್ಕಾಲು ಶತಮಾನ ಹಿಡಿಯಿತು.

ಕಥೆ ಶುರುವಾಗುವುದು ಕಪ್ಪೆಯಿಂದಲ್ಲ, ಅದರ ದೂರದ ಬಂಧುವಾದ, ಹಲ್ಲಿಯಂತೆ ಬಾಲವಿರುವ ನ್ಯೂಟ್‌ನಿಂದ. ಜರ್ಮನಿಯ ಫ್ರೈಬರ್ಗ್‌ನಲ್ಲಿ ಹಾನ್ಸ್ ಸ್ಪೇಮಾನ್ ಅವರ ವಿದ್ಯಾರ್ಥಿನಿ ಹಿಲ್ಡೆ ಮಾಂಗೋಲ್ಡ್ ತಿಳಿಬಣ್ಣದ ನ್ಯೂಟ್ ಭ್ರೂಣದಿಂದ ಒಂದು ಚೂರು ಕತ್ತರಿಸಿ, ಕಡುಬಣ್ಣದ ಮತ್ತೊಂದು ಭ್ರೂಣದ ಹೊಟ್ಟೆಯ ಕಡೆಗೆ ನಾಟಿದರು. ಕೋಶಗಳು ಒಳಕ್ಕೆ ಮಡಚಿಕೊಳ್ಳತೊಡಗುವ ಜಾಗದ ಮೇಲ್ತುಟಿಯ ಚೂರು ಅದು. ಅಲ್ಲಿ ಮುಂದೆ ಮಿದುಳು, ಬೆನ್ನುಹುರಿಯಾಗುವ ನರಕೊಳವೆ ಎರಡನೆಯದೊಂದು ಬೆಳೆಯಿತು, ಸಯಾಮಿ ಅವಳಿಯಂತೆ. ಬಣ್ಣದ ವ್ಯತ್ಯಾಸ ಇದ್ದುದರಿಂದಲೇ ಗುಟ್ಟು ಹೊರಬಿತ್ತು: ಹೊಸ ನರಕೊಳವೆಯ ಬಹುಪಾಲು ಆತಿಥೇಯ ಭ್ರೂಣದ ಕೋಶಗಳಿಂದಲೇ ಆಗಿತ್ತು. ಹೊಟ್ಟೆಯ ಚರ್ಮವಾಗಬೇಕಿದ್ದ ನೆರೆಹೊರೆಯ ಕೋಶಗಳನ್ನು ನಾಟಿದ ಚೂರು ಬೇರೆ ಹಾದಿಗೆ ಎಳೆದಿತ್ತು. ಅದಕ್ಕೆ ‘ಸಂಘಟಕ’ ಎಂಬ ಹೆಸರಾಯಿತು. ಪ್ರಬಂಧ ಪ್ರಕಟವಾದ 1924ರಲ್ಲೇ ಮಾಂಗೋಲ್ಡ್ ಅಡುಗೆಮನೆಯ ಬೆಂಕಿ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೈದು ವರ್ಷ. 1935ರ ನೊಬೆಲ್ ಸ್ಪೇಮಾನ್ ಒಬ್ಬರಿಗೇ ಬಂತು.

ಸಂಘಟಕ ಕಳಿಸುವ ಸಂದೇಶ ಯಾವುದು? ಕೊಂದ ಸಂಘಟಕದ ಚೂರೂ ನರಕೋಶ ಮೂಡಿಸುತ್ತಿತ್ತು, ಸಂಬಂಧವೇ ಇಲ್ಲದ ರಾಸಾಯನಿಕಗಳೂ ಮೂಡಿಸುತ್ತಿದ್ದವು. ಹುಡುಕಾಟ ದಶಕಗಳ ಕಾಲ ಗೊಂದಲದಲ್ಲೇ ಕಳೆಯಿತು.

ಮುಂದಿನ ದಾರಿ ತೋರಿದ್ದು ದಕ್ಷಿಣ ಆಫ್ರಿಕಾದ ಝೆನೋಪಸ್ ಕಪ್ಪೆ. ಇದು ನಮ್ಮ ಕಪ್ಪೆಗಳಂತೆ ಮಳೆಗಾಗಿ ಕಾಯುವುದಿಲ್ಲ. ಹಾರ್ಮೋನ್ ಚುಚ್ಚಿದರೆ ವರ್ಷದ ಯಾವ ದಿನವಾದರೂ ಮೊಟ್ಟೆ ಇಡುತ್ತದೆ. ವೀರ್ಯಾಣು ಹೊಕ್ಕ ಮೇಲೆ ಮೊಟ್ಟೆಯ ಹೊರಪದರ ಸುಮಾರು 30 ಡಿಗ್ರಿ ತಿರುಗುತ್ತದೆ. ವೀರ್ಯಾಣು ಹೊಕ್ಕ ಜಾಗಕ್ಕೆ ಎದುರಿನ ಮಗ್ಗುಲಲ್ಲಿ ಮುಂದೆ ಸಂಘಟಕ ಹುಟ್ಟುತ್ತದೆ. ನೇರಳಾತೀತ ಬೆಳಕು ಹಾಯಿಸಿ ಈ ತಿರುಗುವಿಕೆಯನ್ನು ನಿಲ್ಲಿಸಿದರೆ ಉಳಿಯುವುದು ತಲೆಯೂ ಇಲ್ಲದ, ಬೆನ್ನೂ ಇಲ್ಲದ ಹೊಟ್ಟೆಯ ಮುದ್ದೆ. ಈ ಮುದ್ದೆಯೇ ಒಳ್ಳೆಯ ಪರೀಕ್ಷೆಯೂ ಆಯಿತು: ಯಾವ ಜೀನಿನ ನಕಲು ಪ್ರತಿಯಾದ ಆರ್‌ಎನ್‌ಎ ಚುಚ್ಚಿದರೆ ಕಳೆದುಹೋದ ತಲೆ ಮರಳುತ್ತದೆ? ಬರ್ಕ್ಲಿಯಲ್ಲಿ ವಿಲಿಯಂ ಸ್ಮಿತ್ ಮತ್ತು ರಿಚರ್ಡ್ ಹಾರ್ಲಂಡ್ 1992ರಲ್ಲಿ ಅಂಥದೊಂದು ಜೀನನ್ನು ಹಿಡಿದರು. ಪ್ರಮಾಣ ಹೆಚ್ಚಾದರೆ ಭ್ರೂಣದಲ್ಲಿ ತಲೆಯೇ ಅತಿಯಾಗುತ್ತಿತ್ತು. ಹಾಗಾಗಿ ಇಂಗ್ಲಿಷಿನ ಆಡುಮಾತಿನಲ್ಲಿ ತಲೆಗಿರುವ ‘ನಾಗಿನ್’ ಎಂಬ ಹೆಸರನ್ನೇ ಇಟ್ಟರು. 1994ರಲ್ಲಿ ಅಂಥದೇ ಇನ್ನೊಂದು ಜೀನ್ ‘ಕಾರ್ಡಿನ್’ ಸಿಕ್ಕಿತು.

ಇವೆರಡೂ ಕೋಶಗಳಿಗೆ ‘ಮಿದುಳಾಗು’ ಎನ್ನುವುದಿಲ್ಲ. ಭ್ರೂಣದಲ್ಲಿ ಹರಡಿರುವ ಬಿಎಂಪಿ ಎಂಬ ಪ್ರೋಟೀನ್ ‘ಚರ್ಮವಾಗು’ ಎನ್ನುತ್ತಿರುತ್ತದೆ. ಇವು ಅದನ್ನೇ ಕಚ್ಚಿ ಹಿಡಿದು ಬಾಯಿ ಮುಚ್ಚಿಸುತ್ತವೆ. ಭ್ರೂಣದ ಮೇಲ್ಭಾಗದ ಕೋಶಗಳನ್ನು ಒಟ್ಟಾಗಿ ಬೆಳೆಸಿದರೆ ಚರ್ಮವಾಗುತ್ತವೆ, ಬಿಡಿಬಿಡಿಯಾಗಿಸಿ ಬೆಳೆಸಿದರೆ ನರಕೋಶವಾಗುತ್ತವೆ. ನೆರೆಯವರ ಮಾತು ಕಿವಿಗೆ ಬೀಳದಿದ್ದರೆ ಅವು ಹಿಡಿಯುವ ಹಾದಿ ನರಮಂಡಲದ್ದು. ಹಳೆಯ ಗೊಂದಲಕ್ಕೂ ಇಲ್ಲೇ ಸುಳಿವಿದೆ: ಆಗಲೇ ಅತ್ತ ವಾಲಿರುವ ಕೋಶವನ್ನು ತಳ್ಳಲು ಏನು ಸಿಕ್ಕರೂ ಸಾಕಾಗುತ್ತಿತ್ತೇನೋ.

ಆದರೆ ಬಿಎಂಪಿಯೊಂದನ್ನೇ ಅಡಗಿಸಿದರೆ ಸಿಗುವುದು ಬೆನ್ನುಹುರಿಯುಳ್ಳ ಮುಂಡ. ತಲೆ ಬೇಕಾದರೆ ‘ಹಿಂಭಾಗವಾಗು’ ಎನ್ನುವ ವಿಂಟ್ ಸಂಕೇತವನ್ನೂ ತಡೆಯಬೇಕು. ಹೈಡೆಲ್‌ಬರ್ಗ್‌ನ ಕ್ರಿಸ್ಟೋಫ್ ನೀರ್ಸ್ ತಂಡ 1997ರಲ್ಲಿ ಎರಡನ್ನೂ ಒಟ್ಟಿಗೆ ತಡೆದಾಗ ಹೊಟ್ಟೆಯ ಕಡೆ ಪೂರ್ತಿ ತಲೆಯೊಂದು ಎದ್ದಿತು. ಮರುವರ್ಷ ಅದೇ ತಂಡಕ್ಕೆ ವಿಂಟ್ ತಡೆಯುವ ‘ಡಿಕ್‌ಕಾಪ್ಫ್’ ಜೀನ್ ಸಿಕ್ಕಿತು. ಜರ್ಮನ್‌ನಲ್ಲಿ ಅದರ ಅರ್ಥ ದಪ್ಪತಲೆ. ಹಟಮಾರಿಗಳನ್ನೂ ಹಾಗೆಯೇ ಕರೆಯುತ್ತಾರೆ. ನನಗೆ ಇನ್ನೂ ಇಷ್ಟದ್ದು 1996ರ ‘ಸರ್ಬೆರಸ್’. ಗ್ರೀಕ್ ಪುರಾಣದ ಮೂರು ತಲೆಯ ನಾಯಿಯ ಹೆಸರದು. ಹೆಸರಿಟ್ಟು ಮೂರು ವರ್ಷಗಳಾದ ಮೇಲೆ ತಿಳಿದದ್ದೇನೆಂದರೆ, ಈ ಪ್ರೋಟೀನ್ ನಿಜಕ್ಕೂ ಮೂರು ಸಂಕೇತಗಳನ್ನು ತಡೆಯುತ್ತದೆ: ಬಿಎಂಪಿ, ವಿಂಟ್, ನೋಡಲ್.

ತಮಾಷೆಯೆಂದರೆ ಸಂಘಟಕ ಹುಟ್ಟಲು ಬೇಕಾದದ್ದೂ ವಿಂಟ್ ಹಾದಿಯೇ. ಮೊಟ್ಟೆ ತಿರುಗಿದಾಗ ಆ ಮಗ್ಗುಲಲ್ಲಿ ಚುರುಕಾಗುವುದು ಅದೇ ಹಾದಿಯ ಬೀಟಾ-ಕ್ಯಾಟೆನಿನ್ ಎಂಬ ಪ್ರೋಟೀನ್. ಕೆಲವೇ ಗಂಟೆಗಳ ನಂತರ ತಲೆಗೆ ಅದು ಬೇಡ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಮಿದುಳಿನ ಒಳಗಿನ ಪಾಲುಪಟ್ಟಿಗೂ ವಿಂಟ್ ಪ್ರಮಾಣವೇ ಒಂದು ಅಳತೆಗೋಲು: ಕಡಿಮೆ ಇದ್ದಲ್ಲಿ ಮುಂಮಿದುಳು, ಹೆಚ್ಚಿದ್ದಲ್ಲಿ ಹಿಂಮಿದುಳು. ಹೀಗೆ ತೆರವಾದ ಜಾಗದಲ್ಲಿ ಕಟ್ಟುವ ಜೀನ್‌ಗಳು ಕೆಲಸ ಶುರುಮಾಡುತ್ತವೆ. ಮುಂಭಾಗದಲ್ಲಿ ಒಟಿಎಕ್ಸ್2, ಕಣ್ಣಿಗೆ ಪ್ಯಾಕ್ಸ್6 ಹೀಗೆ.

ಇದು ಕಪ್ಪೆಗಷ್ಟೇ ಸೀಮಿತವಲ್ಲ. ಡಿಕ್‌ಕಾಪ್ಫ್ ಇಲ್ಲದ ಇಲಿಯ ಭ್ರೂಣಕ್ಕೆ ತಲೆಯ ಮುಂಭಾಗ ಬೆಳೆಯುವುದಿಲ್ಲ. ಮನುಷ್ಯನ ಆಕರಕೋಶಗಳನ್ನು (ಸ್ಟೆಮ್ ಸೆಲ್) ನರಕೋಶಗಳಾಗಿಸಲು 2009ರಲ್ಲಿ ಬಂದ ವಿಧಾನದಲ್ಲಿ ತಟ್ಟೆಗೆ ಸುರಿದ ಎರಡು ತಡೆಗಾರ ವಸ್ತುಗಳಲ್ಲಿ ಒಂದು, ಕಪ್ಪೆಯಲ್ಲಿ ಮೊದಲು ಸಿಕ್ಕ ಆ ನಾಗಿನ್.