ಕಷ್ಟದ ಲೆಕ್ಕ ಕೊಟ್ಟು ಕೈಹಿಡಿದವರು

1963. ಅಮೆರಿಕದ ಬರ್ಮಿಂಗ್‌ಹ್ಯಾಮ್‌ನ ಒಂದು ಚರ್ಚು. ಹಿಂದಿನ ಸಾಲಿನಲ್ಲಿ 12 ವರ್ಷದ ಕಪ್ಪು ಹುಡುಗನೊಬ್ಬ ಗಣಿತದ ಲೆಕ್ಕ ಬಿಡಿಸುತ್ತಾ ಕೂತಿದ್ದ. ವರ್ಣಭೇದದ ವಿರುದ್ಧದ ಮೆರವಣಿಗೆಗೆ ಮಕ್ಕಳೂ ಬಂದರೆ ಒಳ್ಳೆಯ ಶಾಲೆ ಸಿಗುತ್ತದೆ ಎಂಬ ಮಾತು ಕಿವಿಗೆ ಬಿತ್ತು. ತಲೆ ಎತ್ತಿ ನೋಡಿದ. ಮಾತಾಡುತ್ತಿದ್ದವರು ಮಾರ್ಟಿನ್ ಲೂಥರ್ ಕಿಂಗ್. ಹುಡುಗ ಮೆರವಣಿಗೆಗೆ ಹೋದ, ಐದು ದಿನ ಜೈಲಲ್ಲಿದ್ದ.

ಆ ಹುಡುಗನೇ ಫ್ರೀಮನ್ ಹ್ರಬೋವ್‌ಸ್ಕಿ. 19ಕ್ಕೆ ಗಣಿತದಲ್ಲಿ ಪದವಿ, 24ಕ್ಕೆ ಪಿಎಚ್‌ಡಿ. ಆದರೆ ಇಲಿನಾಯ್ ವಿಶ್ವವಿದ್ಯಾಲಯದ ಗಣಿತ ತರಗತಿಗಳಲ್ಲಿ ಎಷ್ಟೋ ಸಲ ಅವರೊಬ್ಬರೇ ಕಪ್ಪು ವಿದ್ಯಾರ್ಥಿ.

ಹಾಗೆ ಒಬ್ಬಂಟಿಯಾಗಿ ಕೂತವನ ಉತ್ತರದ ಮೇಲೆ ಮೇಷ್ಟ್ರು ಕೆಂಪು ಗೀರು ಎಳೆದರೆ ಏನಾಗುತ್ತದೆ? ತಪ್ಪಾಗಿದ್ದು ಉತ್ತರವೋ, ಅಥವಾ ನನ್ನ ಬಣ್ಣ ನೋಡಿ ಹೀಗೆ ಅಂದರೋ ಎಂಬ ಅನುಮಾನ ಏಳುತ್ತದೆ. ಅನುಮಾನ ಬಂದ ಮೇಲೆ ಸಲಹೆ ಒಳಗೆ ಇಳಿಯುವುದಿಲ್ಲ. ಹಾಗಂತ ಮೇಷ್ಟ್ರು ಸುಮ್ನೆ ಹೊಗಳಿದರೆ ಹುಡುಗ ಕಲಿಯುವುದೂ ಇಲ್ಲ.

ಇದನ್ನೇ 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಪರೀಕ್ಷಿಸಿತು. ಏಳನೇ ತರಗತಿಯ ಮಕ್ಕಳು ಪ್ರಬಂಧ ಬರೆದರು, ಮೇಷ್ಟ್ರು ತಿದ್ದಿದರು. ಸಂಶೋಧಕರು ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿದರು. ಕೆಲವರ ಚೀಟಿಯಲ್ಲಿ ಇದ್ದದ್ದು ಬರೀ ಒಣ ಮಾತು. ಉಳಿದವರದ್ದರಲ್ಲಿ, ನಿನ್ನಿಂದ ನಾನು ಜಾಸ್ತಿ ನಿರೀಕ್ಷೆ ಮಾಡುತ್ತೇನೆ, ಅದು ನಿನ್ನ ಕೈಲಾಗುತ್ತದೆ ಅಂತಲೂ ಗೊತ್ತು ಎಂಬ ಅರ್ಥದ ಸಾಲು. ಒಣ ಚೀಟಿ ಸಿಕ್ಕ ಕಪ್ಪು ಮಕ್ಕಳಲ್ಲಿ ಪ್ರಬಂಧವನ್ನು ಮತ್ತೆ ಬರೆದವರು ಶೇ. 17. ಎರಡನೇ ಚೀಟಿ ಸಿಕ್ಕವರಲ್ಲಿ ಶೇ. 72! ಅಧ್ಯಯನ ಸಣ್ಣದು, ಇದೊಂದರ ಮೇಲೇ ಭಾರ ಹಾಕಬಾರದು ನಿಜ. ಆದರೆ ಹ್ರಬೋವ್‌ಸ್ಕಿ ಅದಕ್ಕೂ ಮೊದಲೇ ಇಂಥದ್ದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದರು.

1988ರಲ್ಲಿ, ರಾಬರ್ಟ್ ಮೇಯರ್‌ಹಾಫ್ ಎಂಬ ದಾನಿಯ ನೆರವಿನಿಂದ, ಮೇರಿಲ್ಯಾಂಡ್‌ನ ಬಾಲ್ಟಿಮೋರ್ ಕೌಂಟಿ ವಿಶ್ವವಿದ್ಯಾಲಯದಲ್ಲಿ ಹ್ರಬೋವ್‌ಸ್ಕಿ ವಿಜ್ಞಾನ ಓದುವವರಿಗಾಗಿ ಒಂದು ಯೋಜನೆ ಹುಟ್ಟುಹಾಕಿದರು. ಮೊದಲ ತಂಡದಲ್ಲಿ 19 ಹುಡುಗರು, ಎಲ್ಲರೂ ಕಪ್ಪು ಜನಾಂಗದವರು. ಮುಂದೆ ಹುಡುಗಿಯರಿಗೂ, 1996ರಿಂದ ಎಲ್ಲ ಜನಾಂಗದವರಿಗೂ ಬಾಗಿಲು ತೆರೆಯಿತು. ಕಾಲೇಜು ಶುರುವಾಗುವ ಮುಂಚೆ ಆರು ವಾರ ಒಟ್ಟಿಗೇ ವಾಸ, ಒಟ್ಟಿಗೇ ಓದು. ಮುಂದೆಯೂ ಗುಂಪಾಗಿ ಕೂತೇ ಕಲಿಯಬೇಕು. ಬೇಗನೇ ಪ್ರಯೋಗಾಲಯಕ್ಕೆ ಕಳಿಸಿ ಒಬ್ಬ ವಿಜ್ಞಾನಿಯ ಕೈಕೆಳಗೆ ಬಿಡುತ್ತಾರೆ. ನನಗೆ ಬಹಳ ಹಿಡಿಸಿದ್ದು ಇನ್ನೊಂದು: ಮುಖ್ಯ ವಿಷಯದಲ್ಲಿ 'ಸಿ' ದರ್ಜೆ ಬಂದರೆ, ಪಾಸಾಗಿದ್ದರೂ, ಮತ್ತೊಮ್ಮೆ ಓದು ಅನ್ನುತ್ತಾರೆ. ಅದು ಶಿಕ್ಷೆಯಲ್ಲ. ನಿನಗೆ ಇಷ್ಟೇ ಸಾಕು ಅಂತ ಕೈಬಿಡದಿರುವುದು, ಅಲ್ವಾ?

ಚುರುಕು ಹುಡುಗರನ್ನೇ ಆರಿಸಿದರೆ ಗೆಲ್ಲದೇ ಇರುತ್ತಾರಾ ಎಂದು ಕೇಳಬಹುದು. ಅದಕ್ಕೇ ಸಂಶೋಧಕರು, ಆಯ್ಕೆಯಾಗಿಯೂ ಬೇರೆ ಕಾಲೇಜಿಗೆ ಹೋದವರ ಜೊತೆ ಇವರನ್ನು ಹೋಲಿಸಿದರು. ವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರುವ ಪ್ರಮಾಣ ಇವರಲ್ಲಿ ಸುಮಾರು ಐದು ಪಟ್ಟು ಜಾಸ್ತಿ ಇತ್ತು. ಇಲ್ಲೇ ಓದಿದ ಜೆರೋಮ್ ಆಡಮ್ಸ್ ವೈದ್ಯರಾಗಿ, 2017ರಲ್ಲಿ ಇಡೀ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯರು, ಆದರು. ಪೆನ್ ಸ್ಟೇಟ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳು ಇದೇ ಯೋಜನೆಯನ್ನು ತಮ್ಮಲ್ಲಿ ನಡೆಸಿ ನೋಡಿವೆ. ಅಲ್ಲೂ ಇಂಥದ್ದೇ ಫಲ ಕಂಡಿದೆ.